ಐದನ್ನು ಆರು ಮಾಡಿದ ಕಡತ

ಮೊನ್ನೆ ತಲ್ಲೂರಿನ ಹೆದ್ದಾರಿಯಲ್ಲಿ ನಾನಿದ್ದ ಬಸ್ಸು ಕೆಟ್ಟು ನಿಂತಿತು. ಇಳಿದು ನೆರಳು ಹುಡುಕುತ್ತ ಸರಿದಾಗ ಪಕ್ಕದ ಶೆಡ್ಡಿನಲ್ಲಿ ಯಾರೋ ನೀರಿನ ಟ್ಯಾಂಕಿಗೆ ಫೈಬರ್ ತೇಪೆ ಹಾಕುತ್ತಿದ್ದರು. ಫೈಬರ್ ಪದರಗಳನ್ನು ಅಂಟಿಸುವ ರೆಸಿನ್ನಿನ ವಾಸನೆ ಮೂಗಿಗೆ ಹೊಡೆಯಿತು. ಕೊಳೆತ ಹಣ್ಣಿಗೂ ಸೀಮೆಎಣ್ಣೆಗೂ ನಡುವೆ ಎಲ್ಲೋ ನಿಲ್ಲುವ, ಗಂಟಲನ್ನು ಕೆರೆಯುವ ವಾಸನೆ ಅದು. ಸಹಪ್ರಯಾಣಿಕರು ಕರವಸ್ತ್ರ ಹಿಡಿದುಕೊಂಡು ದೂರ ಹೋದರು. ನಾನು ಅಲ್ಲಿಯೇ ನಿಂತೆ. ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲದ ವಿಷಯದಲ್ಲಿ ನನಗೆ ಇಂದಿಗೂ ಸಮಾಧಾನವಿಲ್ಲ. ಆ ವರ್ಷ ನನ್ನ ಸುತ್ತ ಇದ್ದವರನ್ನು ನಾನು ಕ್ಷಮಿಸಿಲ್ಲ. ಅವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ನಮ್ಮ ಮನೆ ಕಿರಿಮಂಜೇಶ್ವರದಲ್ಲಿ. ಅಮ್ಮ ಮೀನಿನ ಬುಟ್ಟಿ ಹೊತ್ತು ಮಾರುತ್ತಿದ್ದಳು. ನಮ್ಮ ಕುಟುಂಬದಲ್ಲಿ ಪದವಿಯ ತನಕ ಓದಿದವನು ನಾನೊಬ್ಬನೇ. ಕುಂದಾಪುರದ ಒಂದು ಕಚೇರಿಯಲ್ಲಿ ನನಗೆ ತಾಂತ್ರಿಕ ಸಹಾಯಕನ ಕೆಲಸ ಸಿಕ್ಕಿತ್ತು. ಕಾಯಂ ಕೆಲಸವಲ್ಲ, ಪ್ರತಿ ವರ್ಷ ಜುಲೈ ಕೊನೆಗೆ ಮುಗಿಯುವ ಕರಾರು. ಆ ಕಚೇರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಾನು ಬಾಯಿ ತೆರೆಯುವ ಮುನ್ನ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಓದಿಕೊಳ್ಳುತ್ತಿದ್ದೆ. ಮನೆಯ ಮಾತು ಜಾರಿ ಹೊರಬಿದ್ದರೆ ಯಾರಾದರೂ ನಗುತ್ತಾರೆಂಬ ಭಯ ನನಗೆ. ಎಲ್ಲರೂ ಕುಂದಾಪುರದ ಕನ್ನಡದಲ್ಲೇ ಹರಟುವ ಆ ಕೋಣೆಯಲ್ಲಿ ನಾನೊಬ್ಬನೇ ಪುಸ್ತಕದಂತೆ ಮಾತನಾಡುತ್ತಿದ್ದೆ, ಅದಕ್ಕೂ ಅವರು ನಗುತ್ತಿದ್ದರು.

ಆ ಬೇಸಿಗೆ ಫೈಬರಿನ ಚಿಕ್ಕ ದೋಣಿಗಳಿಗೆ ತಾಂತ್ರಿಕ ಮಾನದಂಡವೊಂದು ಹೊಸದಾಗಿ ಜಾರಿಯಾಯಿತು. ಏಳು ಪುಟಗಳ ದಾಖಲೆ. ಅದರ ಹೃದಯವೆಂದರೆ ಒಂದು ಕೋಷ್ಟಕ: ಇಷ್ಟು ಉದ್ದದ ದೋಣಿಯ ಬದಿಗೆ ಫೈಬರ್ ಮ್ಯಾಟಿನ ಎಷ್ಟು ಪದರ, ತಳಕ್ಕೆ ಎಷ್ಟು ಪದರ. ಅದರಂತೆ ಕಟ್ಟಿದ ದೋಣಿಗೆ ಮಾತ್ರ ಯೋಗ್ಯತಾ ಪತ್ರ. ಪತ್ರವಿಲ್ಲದ ದೋಣಿ ಕಡಲಿಗೆ ಇಳಿಯುವಂತಿಲ್ಲ. ಈ ದಾಖಲೆಯನ್ನು ಕಚೇರಿಯ ಜಾಲತಾಣದಲ್ಲಿ ಪ್ರಕಟಿಸುವುದು ನನ್ನ ಪಾಲಿಗೆ ಬಂತು. ಯಾವ ರೂಪದ ಕಡತವಾಗಿ ಪ್ರಕಟಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದವನು ನಾನು.

ನಾನು ಅದನ್ನು ವರ್ಡ್ ಕಡತವಾಗಿ ಒಂದು ಪ್ರತಿ, ಪಿಡಿಎಫ್ ಆಗಿ ಒಂದು ಪ್ರತಿ ಸಿದ್ಧಪಡಿಸಿ, ಎರಡು ಭಾನುವಾರ ಸ್ವಂತ ಖರ್ಚಿನಲ್ಲಿ ತಿರುಗಾಡಿದೆ. ಕುಂದಾಪುರದ ಸೈಬರ್ ಅಂಗಡಿಯಲ್ಲಿ ವರ್ಡ್ ಕಡತ ಸರಿಯಾಗಿ ತೆರೆಯಿತು. ಬೈಂದೂರಿನ ಅಂಗಡಿಯಲ್ಲಿ ನಮ್ಮ ಕನ್ನಡ ಫಾಂಟ್ ಇರಲಿಲ್ಲ. ಏಳು ಪುಟಗಳೂ ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣಿಸಿದವು. ಬ್ರಹ್ಮಾವರದಲ್ಲಿ ಅಕ್ಷರ ಬಂತು, ಕೋಷ್ಟಕ ಕೆಟ್ಟಿತು. ತಲೆಬರಹದ ಸಾಲು ಒಂದು ಪುಟದಲ್ಲಿ, ಅಂಕಿಗಳು ಮುಂದಿನ ಪುಟದಲ್ಲಿ. ಪಿಡಿಎಫ್ ಮೂರೂ ಕಡೆ ನಿಧಾನವಾಗಿ ಇಳಿಯಿತು, ಆದರೆ ಒಂದೇ ರೀತಿ ಕಾಣಿಸಿತು. ಅದನ್ನು ಮಾಡಲು ನಾನು ಬಳಸಿದ್ದ ತಂತ್ರಾಂಶ ಉಚಿತವಾದದ್ದು. ಪ್ರತಿ ಪುಟದ ಅಡಿಯಲ್ಲಿ ಅದು ತನ್ನ ಹೆಸರನ್ನು ಸಣ್ಣಗೆ ಅಚ್ಚು ಹಾಕುತ್ತಿತ್ತು.

ಇದನ್ನೆಲ್ಲ ಮೂರು ಪುಟಗಳ ಟಿಪ್ಪಣಿಯಾಗಿ ಬರೆದು, ಪಿಡಿಎಫ್ ಪ್ರತಿಯನ್ನೂ ಮುದ್ರಿಸಿ ಜೊತೆಗಿಟ್ಟು, ಅಧೀಕ್ಷಕರಾದ ರಘುವೀರರಾಯರ ಮೇಜಿನ ಮೇಲಿಟ್ಟೆ. ಅವರು ಬ್ರಹ್ಮಾವರದ ಕಡೆಯವರು. ಕಾಗದದ ಮೇಲೆ ಶುದ್ಧ ಕಚೇರಿ ಕನ್ನಡ ಬರೆಯುತ್ತಿದ್ದರು. ಬೈಯುವಾಗ ಊರ ಮಾತಿಗೆ ಇಳಿಯುತ್ತಿದ್ದರು.

"ಎಂತ ಮಾರಾಯ, ನಿಂಗೆ ಬೇರೆ ಕೆಲ್ಸ ಇಲ್ಯಾ? ಮೂರ್ ಪುಟ! ಈ ಪಿಡಿಎಫ್ ಮಾಡ್ರೆ ನಾಳೆ ನಂಗ್ ತಿದ್ದುಕೆ ಆತ್ತಾ?"

"ಸುಲಭವಾಗಿ ತಿದ್ದಲಾಗುವುದಿಲ್ಲ, ಸರ್. ಅದೇ ಅದರ ಗುಣ."

"ಅದೇ ಅದ್ರ ರೋಗ," ಎಂದರು. ಪುಟದ ಅಡಿಯ ಸಣ್ಣ ಅಚ್ಚನ್ನು ಬೆರಳಿನಿಂದ ತೋರಿಸಿ, ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಓದಿದರು. "ಮಾನದಂಡದ ಕೆಳ್ಗೆ ಯಾವ್ದೋ ಕಂಪೆನಿ ಬೋರ್ಡ್! ಕಡ್ಲ್ ಬದಿಯರಿಗೆ ಒಂದ್ ಡಿಗ್ರಿ ಸಿಕ್ರೆ ಸಾಕ್ ಕಾಣಿ, ಕಚೇರಿಗೇ ಪಾಠ ಹೇಳುಕೆ ಬತ್ರ್."

ಕೋಣೆ ನಕ್ಕಿತು. ವರ್ಡ್ ಕಡತವನ್ನೇ ಪ್ರಕಟಿಸಬೇಕೆಂದು ಟಿಪ್ಪಣಿಯ ಅಂಚಿನಲ್ಲಿ ಬರೆದು ರುಜು ಹಾಕಿದರು. ಟಿಪ್ಪಣಿಯನ್ನು ಫೈಲಿಗೆ ಸೇರಿಸಿ, ಅವರು ಹೇಳಿದ ಕಡತವನ್ನು ಅಂದೇ ಪ್ರಕಟಿಸಿದೆ.

ಏಪ್ರಿಲ್ ತಿಂಗಳ ನಡುವೆ ಶೀನಣ್ಣ ಬಂದರು. ತಲ್ಲೂರಿನ ಹೊಳೆಬದಿಯಲ್ಲಿ ಅಚ್ಚಿನ ಮೇಲೆ ಫೈಬರ್ ದೋಣಿ ಕಟ್ಟುವವರು. ನಮ್ಮೂರಿನ ಅಣ್ಣತಮ್ಮಂದಿರಿಬ್ಬರು, ನಮ್ಮ ಮನೆಯಿಂದ ನಾಲ್ಕನೆಯ ಮನೆಯವರು, ಅವರಿಗೆ ಒಂದು ದೋಣಿ ಕಟ್ಟಿಕೊಡಲು ಹೇಳಿದ್ದರು. ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳಿಗೆ ಕಡಲು ನಿಷೇಧ. ಅಬ್ಬರ ತುಸು ಇಳಿದ ದಿನಗಳಲ್ಲಿ ಚಿಕ್ಕ ದೋಣಿಯವರು ಮಾತ್ರ ಹೋಗುತ್ತಾರೆ. ಅವರ ವರ್ಷದ ಗಂಜಿ ಅದೇ ದಿನಗಳಲ್ಲಿದೆ. ಆ ದಿನಗಳೊಳಗೆ ದೋಣಿ ನೀರಿಗೆ ಬೀಳಬೇಕಿತ್ತು.

"ಹ್ವಾಯ್ ಮಾಣಿ, ಆ ಕಾಗ್ದ ಒಂದ್ ತೆಗ್ದ್ ಕೊಡ್. ಸೈಬರಂಗೆ ತೆಗ್ದ್ರೆ ಬರೀ ಹುಳ ಹರ್ದಂಗ್ ಬತ್ತ್," ಎಂದರು.

ಮುದ್ರಿಸಿಕೊಟ್ಟೆ. ಅವರು ಕೋಷ್ಟಕದ ಮೇಲೆ ಬೆರಳಿಟ್ಟು ಕೇಳಿದರು: "ತಳಕ್ಕೆ ಐದ್ ಪದ್ರ. ಗಟ್ಟಿ ಅಲ್ದಾ?"

"ಜಾಲತಾಣದಲ್ಲಿ ಪ್ರಕಟವಾದದ್ದೇ ಅಧಿಕೃತ, ಶೀನಣ್ಣ. ತಾವು ಧೈರ್ಯವಾಗಿ ಕೆಲಸ ಆರಂಭಿಸಬಹುದು."

"ಈ ನಮೂನಿ ಮಾತಾಡುಕೆ ಎಲ್ ಕಲ್ತೆ ನೀನ್? ರೇಡಿಯೋ ಕೇಂಡಂಗ್ ಆತ್ತ್," ಎಂದು ನಗುತ್ತ ಹೋದರು.

ಅವರ ಶೆಡ್ಡಿನಲ್ಲಿ ಒಂದು ರೂಢಿಯಿತ್ತು. ಅಳತೆಯ ಕಾಗದ ಯಾವುದೇ ಇರಲಿ, ಉಳಿದ ಫೈಬರ್ ಹಲಗೆಯ ಮೇಲೆ ಅಂಟಿಸಿ, ಮೇಲೆ ತಿಳಿ ರೆಸಿನ್ ಹೊಯ್ದು ಗಟ್ಟಿಯಾಗಲು ಬಿಡುತ್ತಿದ್ದರು. ಬಳಿಕ ಅದನ್ನು ಅಚ್ಚಿನ ಎದುರು ಮೊಳೆಗೆ ತೂಗುಹಾಕುತ್ತಿದ್ದರು. ಬೆವರಿನ ಕೈ, ಹೊಳೆಯ ನೀರು, ಮಳೆಯ ಎರಚಲು ಯಾವುದೂ ಅದನ್ನು ಮುಟ್ಟುತ್ತಿರಲಿಲ್ಲ. ಒಮ್ಮೆ ಊರಿಗೆ ಹೋಗುವಾಗ ಇಳಿದು ನೋಡಿದ್ದೆ. ನಾನು ಕೊಟ್ಟ ಪುಟ ಗಾಜಿನೊಳಗಿನ ದೇವರ ಪಟದಂತೆ ತೂಗುತ್ತಿತ್ತು. ನನಗೆ ಹೆಮ್ಮೆಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಮೇ ತಿಂಗಳ ಎರಡನೆಯ ವಾರದಲ್ಲಿ ಮೇಲಿನ ಕಚೇರಿಯಿಂದ ರಾಯರಿಗೆ ದೂರವಾಣಿ ಕರೆ ಬಂತು. ತಳಕ್ಕೆ ಐದು ಪದರ ಸಾಲದು, ಆರು ಬೇಕು ಎಂದು ಅಲ್ಲಿ ತೀರ್ಮಾನವಾಗಿತ್ತು. ನಿಯಮದಂತೆ ತಿದ್ದುಪಡಿ ಎಂದು ಸಂಖ್ಯೆ, ದಿನಾಂಕ ಹಾಕಿ ಪ್ರಕಟಣೆ ಹೊರಡಿಸಬೇಕು. ಅದಕ್ಕೆ ಕಡತ ಮೇಲೆ ಹೋಗಿ ಕೆಳಗೆ ಬರಬೇಕು. ರಾಯರು ನನ್ನನ್ನು ಕರೆದರು.

"ಅಲ್ಲ್ ಐದ್ ಇತ್ತಲಾ, ಆರ್ ಮಾಡ್. ಹಳೇದ್ರ ಮೇಲೇ ಉಳ್ಸ್."

"ದಿನಾಂಕವನ್ನು, ಸರ್?"

"ಎಂತಕ್ಕೆ ದಿನಾಂಕ? ನಿಂಗೆ ಹೇಳ್ದಷ್ಟ್ ಮಾಡ್."

ಅರ್ಧ ನಿಮಿಷದ ಕೆಲಸ. ಐದನ್ನು ಅಳಿಸಿದೆ, ಆರು ಒತ್ತಿದೆ, ಅದೇ ಹೆಸರಿನಲ್ಲಿ ಉಳಿಸಿದೆ, ಜಾಲತಾಣಕ್ಕೆ ಏರಿಸಿದೆ. ಕೀಲಿ ಒತ್ತಿದ ಗಳಿಗೆಯಲ್ಲೇ ಶೀನಣ್ಣನ ನೆನಪಾಯಿತು. ಭಾನುವಾರ ಊರಿಗೆ ಹೋಗುವಾಗ ತಲ್ಲೂರಿನಲ್ಲಿ ಇಳಿದು ಹೇಳಬೇಕೆಂದುಕೊಂಡೆ. ಆ ಭಾನುವಾರ ಬಸ್ಸಿನಲ್ಲಿ ಕುಳಿತುಕೊಳ್ಳಲು ಸ್ಥಳ ಸಿಕ್ಕಿತ್ತು. ಇಳಿದರೆ ಹೋಗುತ್ತದೆ ಎಂದು ಇಳಿಯಲಿಲ್ಲ. ಮುಂದಿನ ಭಾನುವಾರ, ಪ್ರಕಟಿಸದ ತಿದ್ದುಪಡಿಯನ್ನು ಹೊರಗಿನವರಿಗೆ ತಿಳಿಸುವ ಅಧಿಕಾರ ನನಗಿಲ್ಲ ಎಂದು ತರ್ಕ ಮಾಡಿಕೊಂಡೆ. ತರ್ಕ ನಿರ್ದುಷ್ಟವಾಗಿತ್ತು. ಇಷ್ಟು ವರ್ಷಗಳಲ್ಲಿ ನಾನು ಬಸ್ಸಿನ ಆಸನದ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ.

ಜೂನ್ ಮೊದಲ ಮಳೆಯ ಜೊತೆಗೇ, ಯೋಗ್ಯತಾ ಪತ್ರ ಕೊಡುವ ಪರಿವೀಕ್ಷಕರು ತಲ್ಲೂರಿಗೆ ಹೋದರು. ಅವರ ಕೈಯಲ್ಲಿದ್ದದ್ದು ಜಾಲತಾಣದಿಂದ ಹೊಸದಾಗಿ ತೆಗೆದ ಪ್ರತಿ. ದೋಣಿಯ ತಳದಿಂದ ಕಾಸಿನಗಲದ ತುಂಡನ್ನು ಕೊರೆದು ಪದರ ಎಣಿಸಿದರು. ಐದು. ಒಂದು ಕಡಿಮೆ ಎಂದು ಬರೆದು ಯೋಗ್ಯತಾ ಪತ್ರ ನಿರಾಕರಿಸಿದರು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಶೀನಣ್ಣ ಕಚೇರಿಗೆ ಬಂದರು. ಹೆಗಲ ಮೇಲಿನ ಬೈರಾಸು ಬಟ್ಟೆಯಲ್ಲಿ ಸುತ್ತಿದ್ದ ಹಲಗೆಯನ್ನು ತೆಗೆದು ರಾಯರ ಮೇಜಿನ ಮೇಲೆ ಇಟ್ಟರು. ಹಲಗೆ ಮೇಜಿನ ಗಾಜಿಗೆ ತಗಲಿ ಸದ್ದಾಯಿತು. ಕೋಣೆಯ ಟೈಪು ನಿಂತಿತು.

"ಕಾಣಿ ಸಾಹೇಬ್ರೆ, ಇದ್ ನಿಮ್ ಕಾಗ್ದ. ತಳಕ್ಕೆ ಐದ್ ಅಂದೇಳಿ ಬರ್ದಿತ್ತ್. ನಿಮ್ಮವ್ರೇ ಬಂದ್ ಆರ್ ಅಂತ್ರ್. ನಾ ಯಾವ್ದ್ ನಂಬುದ್?"

ರಾಯರು ಹಲಗೆಯನ್ನು ಮುಟ್ಟಲಿಲ್ಲ. ಕಚೇರಿ ಕನ್ನಡಕ್ಕೆ ಏರಿದರು. "ಇದು ನಮ್ಮ ಕಾಗದ ಎಂದು ಯಾರು ಹೇಳಿದರು? ಮೊಹರು ಎಲ್ಲಿದೆ? ರುಜು ಎಲ್ಲಿದೆ?"

"ಈ ಮಾಣಿಯೇ ಕೊಟ್ಟದ್ದ್. ಕೇಣಿ ಅವ್ನ ಹತ್ರ."

ರಾಯರು ನನ್ನನ್ನು ಕೇಳಲಿಲ್ಲ. ಕಪಾಟಿನಿಂದ ಫೈಲನ್ನು ತರಿಸಿದರು, ನನ್ನದೇ ಟಿಪ್ಪಣಿಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. "ಎರಡನೆಯ ಪುಟ. ಮೂರನೆಯ ಪ್ಯಾರಾ. ಗಟ್ಟಿಯಾಗಿ ಓದಿ."

ಎರಡು ತಿಂಗಳ ಹಿಂದೆ ಪಿಡಿಎಫ್ ಬೇಕೆಂದು ವಾದಿಸುವಾಗ ನಾನು ಬರೆದಿದ್ದ ವಾಕ್ಯ ಅದು. ಓದಿದೆ. "ವರ್ಡ್ ಕಡತವನ್ನು ಪಡೆದ ಯಾರೇ ಆಗಲಿ ಅದರ ಯಾವ ಅಂಕಿಯನ್ನಾದರೂ ಬದಲಿಸಿ ಮುದ್ರಿಸಿಕೊಳ್ಳಬಹುದು, ಮುದ್ರಿತ ಪ್ರತಿಯನ್ನು ನೋಡಿ ಅದು ಮೂಲವೋ ಬದಲಿಸಿದ್ದೋ ಎಂದು ಗುರುತಿಸುವುದು ಅಸಾಧ್ಯ." ಉಚ್ಚಾರಣೆ ಎಲ್ಲಿಯೂ ತಪ್ಪಲಿಲ್ಲ.

"ಕೇಳಿದಿರಾ? ನಮ್ಮ ತಾಂತ್ರಿಕ ಸಹಾಯಕರೇ ಲಿಖಿತವಾಗಿ ಹೇಳಿದ್ದಾರೆ. ಕಾಗದದ ಮೇಲೆ ರೆಸಿನ್ ಹೊಯ್ದರೆ ಅದು ಸರ್ಕಾರದ ಕಾಗದ ಆಗುವುದಿಲ್ಲ," ಎಂದರು ರಾಯರು.

ಶೀನಣ್ಣ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಹಂಗಾರ್ ನಾನ್ ತಿದ್ದಿದ್ದ್ ಅಂಬ್ಯಾ? ನಂಗ್ ಆ ಕಂಪ್ಯೂಟರ್ ಹೊತ್ಸುಕಾರೂ ಬತ್ತಾ? ನೀನೇ ಕೊಟ್ಟದ್ದ್ ಹೌದಾ ಅಲ್ದಾ, ಅಷ್ಟ್ ಹೇಳ್."

ಹೌದು ಎಂಬ ಎರಡಕ್ಷರ ಸಾಕಿತ್ತು. ನಾನು ಮನಸ್ಸಿನಲ್ಲಿ ವಾಕ್ಯವೊಂದನ್ನು ಕಟ್ಟಿದೆ. "ಕಚೇರಿಯ ಮೊಹರಿಲ್ಲದ ಪ್ರತಿಯ ಬಗ್ಗೆ ನಾನು ಏನನ್ನೂ ದೃಢೀಕರಿಸಲಾರೆ, ಶೀನಣ್ಣ."

"ಅಣ್ಣ ಅಂತ ಕರೀಬೇಡ," ಎಂದರು. ಹಲಗೆಯನ್ನು ಮತ್ತೆ ಬೈರಾಸಿನಲ್ಲಿ ಸುತ್ತಿಕೊಂಡು ಮಳೆಗೆ ಇಳಿದು ಹೋದರು.

ಆ ಮೇಲೆ ಮಳೆ ಬಿಡಲಿಲ್ಲ. ಕುಂದಾಪುರದಿಂದ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ತಲ್ಲೂರಿನ ಶೆಡ್ಡು ಕಾಣುತ್ತಿತ್ತು. ದೋಣಿಯನ್ನು ಬೋರಲು ಹಾಕಿ, ಸುತ್ತ ಟರ್ಪಾಲು ಕಟ್ಟಿ, ಒಳಗೆ ದೊಡ್ಡ ಬಲ್ಬುಗಳನ್ನು ಉರಿಸುತ್ತಿದ್ದರು. ಆರನೆಯ ಪದರ ಕೂರಿಸುವ ಪ್ರಯತ್ನ ಅದು. ತೇವದ ಗಾಳಿಯಲ್ಲಿ ರೆಸಿನ್ ಗಟ್ಟಿಯಾಗುವುದಿಲ್ಲ. ಬೆಳ್ಳಗೆ ಮಂಕಾಗಿ ಅಂಟಂಟಾಗಿ ಉಳಿಯುತ್ತದೆ. ಎರಡು ಸಲ ಹಾಕಿ ಎರಡು ಸಲವೂ ಕೆರೆದು ತೆಗೆದರಂತೆ. ಕಡಲಿನ ಅಬ್ಬರ ಇಳಿದ ದಿನಗಳು ಒಂದೊಂದಾಗಿ ಹೋಗುತ್ತಿದ್ದವು. ಊರಿನ ಉಳಿದ ಚಿಕ್ಕ ದೋಣಿಗಳು ಬಂಗುಡೆ ತಂದು ಸುರಿಯುವಾಗ ಆ ಅಣ್ಣತಮ್ಮಂದಿರು ದಡದಲ್ಲಿ ನಿಂತು ಬೇರೆಯವರ ಬಲೆ ಬಿಡಿಸುತ್ತಿದ್ದರು. ನಾನು ಎದುರಾದರೆ ಕಾರಿ ಉಗುಳಿ ಪಕ್ಕಕ್ಕೆ ತಿರುಗುತ್ತಿದ್ದರು.

ಒಂದು ಸಂಜೆ ಅಮ್ಮ ಖಾಲಿ ಬುಟ್ಟಿಯನ್ನು ಜಗಲಿಗೆ ಎಸೆದು ಕುಳಿತಳು. ಮೀನು ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೇರಿಸಿಕೊಳ್ಳಲಾಗುವುದಿಲ್ಲ. ಹೆಂಗಸರು ಒಬ್ಬರಿಗೊಬ್ಬರು ಕೈಹಚ್ಚಿ ಎತ್ತಿಸಿಕೊಳ್ಳುತ್ತಾರೆ. ಅಷ್ಟು ವರ್ಷ ಅಮ್ಮನ ಬುಟ್ಟಿಗೆ ಕೈಹಚ್ಚುತ್ತಿದ್ದವರು ಆ ಅಣ್ಣತಮ್ಮಂದಿರ ಮನೆಯ ಸೊಸೆಯಂದಿರು.

"ಇವತ್ತ್ ಒಬ್ಳೂ ಬರ್ಲಿಲ್ಲ," ಎಂದಳು. "ಅರ್ಧ ಮೀನ್ ತೆಗ್ದ್ ಕೆಳ್ಗ್ ಇಟ್ಟ್ ನಾನೇ ಎತ್ಕಂಡೆ. ನಿನ್ ಕಾಗ್ದ ನಂಗ್ ಗೊತ್ತಿಲ್ಲ ಮಗಾ. ಎಂತ ಮಾಡ್ದೆ ನೀನ್ ಅವ್ರಿಗೆ?"

ಅಮ್ಮನಿಗೆ ನಾನು ಕಡತಗಳ ರೂಪಗಳ ವ್ಯತ್ಯಾಸವನ್ನು ವಿವರಿಸಲು ತೊಡಗಿದೆ. ಅವಳು ನಡುವೆಯೇ ಎದ್ದು ಒಳಗೆ ಹೋದಳು.

ಜುಲೈ ಎರಡನೆಯ ವಾರದಲ್ಲಿ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಜಾಲತಾಣದ ಕನ್ನಡ ಕಡತಗಳು ಓದಲು ಬರುತ್ತಿಲ್ಲವೆಂದು ಎಲ್ಲ ಕಡೆಯಿಂದ ದೂರುಗಳು ಹೋಗಿದ್ದವು. ಎಲ್ಲ ಮಾನದಂಡಗಳನ್ನೂ ಇನ್ನು ಮುಂದೆ ಪಿಡಿಎಫ್ ಆಗಿಯೇ ಪ್ರಕಟಿಸಬೇಕು. ಒಂದೊಂದು ಪ್ರತಿ ಮೇಲಿನ ಕಚೇರಿಗೂ ಪರಿವೀಕ್ಷಕರಿಗೂ ಅದೇ ದಿನ ಹೋಗಬೇಕು. ಪ್ರಕಟವಾದ ಪ್ರತಿಯನ್ನು ತಿದ್ದಕೂಡದು, ಬದಲಾವಣೆ ಇದ್ದರೆ ರುಜು ಸಹಿತ ಪ್ರತ್ಯೇಕ ತಿದ್ದುಪಡಿ ಹೊರಡಿಸಬೇಕು. ನನ್ನ ಟಿಪ್ಪಣಿಯಲ್ಲಿ ಇದ್ದದ್ದೇ ಇದರಲ್ಲೂ ಇತ್ತು. ನನಗೆ ಸಂತೋಷವಾಗಲಿಲ್ಲ.

"ಗೆದ್ದೆ ಕಾಣ್ ನೀನ್," ಎಂದರು ರಾಯರು. "ಇನ್ ಬೀಗ ಹಾಕ್. ದೋಣಿದೇ ಮೊದ್ಲ್ ಮಾಡ್. ತಳಕ್ಕೆ ಆರ್. ಕೆಳ್ಗೆ ಒಂದ್ ಸಾಲ್ ಹಾಕ್." ಸಾಲನ್ನು ಶುದ್ಧ ಕನ್ನಡದಲ್ಲಿ ಹೇಳಿ ಬರೆಸಿದರು: "ಈ ಮಾನದಂಡವು ಏಪ್ರಿಲ್ ಒಂದರಿಂದ ಯಾವುದೇ ಬದಲಾವಣೆಯಿಲ್ಲದೆ ಜಾರಿಯಲ್ಲಿದೆ."

ಆ ಸಾಲಿನ ಅರ್ಥ ನನಗೆ ತಿಳಿಯಿತು. ಇದುವರೆಗೆ ಸುಳ್ಳು ಸಡಿಲವಾಗಿತ್ತು. ಯಾರಾದರೂ ತೆರೆದು ತಿದ್ದಬಹುದಾದ ಕಡತದಲ್ಲಿತ್ತು. ಇನ್ನು ನಾನೇ ಬೇಡಿ ತಂದ ರೂಪದಲ್ಲಿ, ನನ್ನ ಕೈಯಿಂದಲೇ, ಅದು ಗಟ್ಟಿಯಾಗುತ್ತದೆ. ಆ ಬಳಿಕ ಶೀನಣ್ಣ ಎಲ್ಲಿಗೆ ಹೋದರೂ ಕಾಗದ ತಿದ್ದಿದವರಾಗಿಯೇ ಉಳಿಯುತ್ತಾರೆ, ದೋಣಿ ಶೆಡ್ಡಿನಲ್ಲೇ ಉಳಿಯುತ್ತದೆ.

ರಾಯರು ಬರೆಸಿದ ಸಾಲನ್ನು ಅಳಿಸಿದೆ. ಬಳಿಕ ಬೇರೆ ಸಾಲು ಬರೆದೆ. "ತಳದ ಪದರಗಳ ಸಂಖ್ಯೆ ಏಪ್ರಿಲ್ ಒಂದರಿಂದ ಐದು ಇದ್ದು, ಮೇ ಎರಡನೆಯ ವಾರದಲ್ಲಿ ಪ್ರಕಟಣೆಯಿಲ್ಲದೆ ಆರಕ್ಕೆ ಬದಲಿಸಲಾಗಿದೆ. ಅದಕ್ಕೂ ಮೊದಲು ಕಟ್ಟಲಾರಂಭಿಸಿದ ದೋಣಿಗಳಿಗೆ ಐದು ಅನ್ವಯಿಸುತ್ತದೆ." ಪಿಡಿಎಫ್ ಮಾಡಿದೆ, ಪ್ರಕಟಿಸಿದೆ, ಸುತ್ತೋಲೆ ಹೇಳಿದ ಎರಡು ವಿಳಾಸಗಳಿಗೂ ಕಳುಹಿಸಿದೆ. ಇದನ್ನು ಧೈರ್ಯವೆಂದು ಕರೆಯಲು ನನಗೆ ನಾಚಿಕೆ. ನ್ಯಾಯದ ಯೋಚನೆ ಅದರಲ್ಲಿ ಸ್ವಲ್ಪವೇ ಇತ್ತು. ಆ ಕೋಣೆಯ ನಗುವಿನ ಮೇಲಿನ ಹಗೆ ಹೆಚ್ಚಿತ್ತು.

ರಾಯರು ಅದನ್ನು ತಕ್ಷಣ ನೋಡಲಿಲ್ಲ. ಅವರ ಕಂಪ್ಯೂಟರಿನಲ್ಲಿ ಪಿಡಿಎಫ್ ತೆರೆಯುವ ತಂತ್ರಾಂಶವೇ ಇರಲಿಲ್ಲ, ಹಾಕಿಕೊಡಲು ನನ್ನನ್ನು ಕೇಳಿರಲೂ ಇಲ್ಲ. ಮೂರನೆಯ ದಿನ ಮೇಲಿನ ಕಚೇರಿಯಿಂದ ಕರೆ ಬಂದಾಗ ಮಾತ್ರ ಗೊತ್ತಾಯಿತು.

"ಇದೆಂತ ಬರ್ದಿದ್ದೆ ನೀನ್? ತೆಗಿ ಅದ್ನ! ಈಗ್ಲೇ ತಿದ್ದ್!"

"ಸರ್, ಪ್ರಕಟವಾದ ಪ್ರತಿಯನ್ನು ತಿದ್ದುವಂತಿಲ್ಲ. ಪ್ರತ್ಯೇಕ ತಿದ್ದುಪಡಿ ಹೊರಡಿಸಬೇಕು. ತಾವು ಬರೆದುಕೊಟ್ಟರೆ ಹೊರಡಿಸುತ್ತೇನೆ."

"ಬರ್ದ್ ಕೊಡುದಾ?"

"ರುಜು ಸಹಿತ, ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬರೆದುಕೊಡಲಿಲ್ಲ. "ನಿನ್ ಕರಾರ್ ಈ ತಿಂಗ್ಳ್ ಕಡಿಗೆ ಅಲ್ದಾ?" ಎಂದು ಕೇಳಿದರು.

"ಹೌದು, ಸರ್."

"ಅದಕ್ಕೆ ತಿದ್ದುಪಡಿ ಇಲ್ಲ. ನಡಿ."

ಪರಿವೀಕ್ಷಕರು ಹೊಸ ಪ್ರತಿ ಹಿಡಿದು ತಲ್ಲೂರಿಗೆ ಮತ್ತೆ ಹೋಗಿ ಐದು ಪದರಕ್ಕೆ ಯೋಗ್ಯತಾ ಪತ್ರ ಬರೆದುಕೊಟ್ಟರು. ಅಷ್ಟರಲ್ಲಿ ದೊಡ್ಡ ಬೋಟುಗಳು ಕಡಲಿಗಿಳಿಯಲು ಎರಡು ವಾರವೂ ಉಳಿದಿರಲಿಲ್ಲ. ಮಳೆಗಾಲದ ಮೀನು ಬಹುಪಾಲು ಬೇರೆಯವರ ದೋಣಿಯಲ್ಲಿ ದಡ ಸೇರಿತ್ತು.

ದೋಣಿ ನೀರಿಗಿಳಿಸುವ ದಿನ ನಾನು ತಲ್ಲೂರಿನಲ್ಲಿ ಬಸ್ಸಿನಿಂದ ಇಳಿದೆ. ಯಾರೂ ಬರಲು ಹೇಳಿರಲಿಲ್ಲ. ನಮ್ಮ ಕಡೆ ದೋಣಿ ಇಳಿಸುವಾಗ ಮೊದಲೇ ಹೇಳಿಕಳುಹಿಸುವ ರೂಢಿಯೂ ಇಲ್ಲ. ದಾರಿಯಲ್ಲಿ ಹೋಗುವವನನ್ನೂ ಕರೆದು ದೋಣಿಗೆ ಕೈ ಹಚ್ಚಿಸುತ್ತಾರೆ. ದೂಡಿದ ಕೈಗಳು ಹೆಚ್ಚಿದಷ್ಟೂ ದೋಣಿಗೆ ಒಳ್ಳೆಯದೆಂದು ನಂಬಿಕೆ. ಹಾಗಾಗಿ ಹೋದೆ. ಹೊಳೆಬದಿಯ ಕೆಸರಿನಲ್ಲಿ ಹತ್ತಿಪ್ಪತ್ತು ಜನ ದೋಣಿಯ ಎರಡೂ ಬದಿ ನಿಂತಿದ್ದರು, ಅಣ್ಣತಮ್ಮಂದಿರಿಬ್ಬರೂ ಮುಂಭಾಗದಲ್ಲಿದ್ದರು. ನಾನು ಚಪ್ಪಲಿ ಕಳಚಿ, ಅಂಗಿಯ ತೋಳು ಮಡಚಿ, ಹತ್ತು ಹೆಜ್ಜೆ ದೂರದಲ್ಲಿ ನಿಂತುಕೊಂಡೆ.

ಶೀನಣ್ಣ ತೆಂಗಿನಕಾಯಿ ಒಡೆದು ತಲೆಯೆತ್ತಿದಾಗ ನನ್ನನ್ನು ಕಂಡರು. "ಕಾಗ್ದ ಬಂತ್," ಎಂದರು, ಅಷ್ಟೇ. ಬಳಿಕ ನನ್ನ ಭುಜದ ಮೇಲಿಂದ ಹೆದ್ದಾರಿಯ ಕಡೆ ನೋಡಿದರು. ಗುಜರಿ ವ್ಯಾಪಾರಿಯೊಬ್ಬ ಸೈಕಲ್ಲಿಗೆ ಗೋಣಿ ಕಟ್ಟಿಕೊಂಡು ಹೋಗುತ್ತಿದ್ದ.

"ಹ್ವಾಯ್! ಗುಜ್ರಿಯವ್ರೆ! ಒಂದ್ ಕೈ ಹಾಕಿ ಬನ್ನಿ, ಜನ ಸಾಕಾತಿಲ್ಲೆ!"

ಅವನು ಸೈಕಲ್ಲನ್ನು ಮರಕ್ಕೆ ಒರಗಿಸಿ, ಲುಂಗಿ ಎತ್ತಿ ಕಟ್ಟಿಕೊಂಡು, ನನ್ನ ಪಕ್ಕದಿಂದಲೇ ಓಡಿ ಹೋಗಿ ದೋಣಿಗೆ ಭುಜ ಕೊಟ್ಟ. ಎಲ್ಲರೂ ಒಂದೇ ಕೊರಳಿನಲ್ಲಿ ಕೂಗಿ ದೂಡಿದರು. ದೋಣಿ ಜಾರಿ ನೀರಿಗೆ ಬಿತ್ತು. ನಾನು ಮಡಚಿದ್ದ ತೋಳನ್ನು ಕೆಳಗೆಳೆದು ಗುಂಡಿ ಹಾಕಿಕೊಂಡೆ.